ಶಾಲಿಲ್ಲದ ಸಭೆಗಳು

ಕಾಸರಗೋಡಿನ ಇತಿಹಾಸ ಕೂಟದವರ ಜೊತೆ ಬೇಕಲ ಕೋಟೆಯ ನಡುವಿನ ಬುರುಜು ಹತ್ತಿ ಏದುಸಿರು ಬಿಡುತ್ತಿದ್ದಾಗ ಕೂಟದ ನಿವೃತ್ತ ಮಾಷ್ಟ್ರೊಬ್ಬರು ಕೇಳಿದರು: "ನೀವು ಸಾಗರದವರಲ್ವಾ? ಈ ಕೋಟೆ ಕಟ್ಟಿಸಿದ ಶಿವಪ್ಪ ನಾಯಕ ನಿಮ್ಮವನೇ ಆಯ್ತು. ಇಕ್ಕೇರಿಯಲ್ಲಿ ನಿಮ್ಮ ಕೂಟ ಎಂತೆಲ್ಲ ಮಾಡ್ತದೆ?" ಅವರಿಗೆ ಚುಚ್ಚುವ ಉದ್ದೇಶ ಇರಲಿಲ್ಲ. ಅಲ್ಲಿಯೂ ಇಂಥದೊಂದು ಕೂಟ ಇದ್ದೇ ಇರುತ್ತದೆ ಎಂದು ನಂಬಿಯೇ ಕೇಳಿದ್ದರು. ಚುಚ್ಚಿದ್ದು ಆ ನಂಬಿಕೆ.

ಸಾಗರಕ್ಕೆ ಇಕ್ಕೇರಿ ಎಷ್ಟು ಹತ್ತಿರವೆಂದರೆ ಯಾರೂ ಅದನ್ನು ನೋಡಲೆಂದು ಹೋಗುವುದಿಲ್ಲ. ಹೈಸ್ಕೂಲು ಹುಡುಗರಾಗಿದ್ದಾಗ ಅಘೋರೇಶ್ವರನ ಗುಡಿಯ ಅಂಗಳದಲ್ಲಿ ಬುತ್ತಿ ಬಿಚ್ಚಿದ್ದು ಬಿಟ್ಟರೆ ನಮಗೂ ಕೆಳದಿ ಅರಸರಿಗೂ ಲೆಕ್ಕಾಚಾರ ಇರಲಿಲ್ಲ. ಅದೇ ಅರಸರು ಕಾಸರಗೋಡು ಕಡೆಯ ಹೊಸದುರ್ಗಕ್ಕೆ ಕಳಿಸಿದ ಕೋಟೆ ಕಾವಲಿನವರ ಮನೆಗಳಲ್ಲಿ ಇಂದಿಗೂ ಕನ್ನಡ ಆಡುತ್ತಾರೆಂಬುದು ನನಗೆ ಗೊತ್ತಾದದ್ದು ಕಾಸರಗೋಡಿಗೆ ಬ್ಯಾಂಕಿನ ವರ್ಗಾವಣೆಯಾಗಿ ಬಂದ ಮೇಲೆ, ಈ ಕೂಟದವರ ಬಾಯಿಂದ.

ಕೂಟ ಎಂದರೆ ದೊಡ್ಡದೇನಲ್ಲ. ಮಾಷ್ಟ್ರುಗಳು, ಒಬ್ಬ ವಕೀಲರು, ತಳಂಗರೆಯ ಒಬ್ಬ ಬಟ್ಟೆ ವ್ಯಾಪಾರಿ, ಅಡಕೆ ತೋಟದವರು, ಕಾಲೇಜು ಹುಡುಗಿಯರಿಬ್ಬರು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಒಟ್ಟಿಗೇ ಓಡುತ್ತವೆ. ತಿಂಗಳಿಗೊಂದು ಕಾರ್ಯಕ್ರಮ. ಸಂಕ್ರಾಂತಿ ಕಳೆದ ಮೇಲೆ ಬೇಕಲ, ಆಮೇಲೆ ಚಂದ್ರಗಿರಿ ಕೋಟೆ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ. ಆಟಿಯ ಮಳೆಯಲ್ಲಿ ಎಲ್ಲಿಗೂ ಹೋಗುವಂತಿಲ್ಲವಾದ್ದರಿಂದ ಗ್ರಂಥಾಲಯದ ಮಾಡಿನಡಿ ಕೂತು ಹಳೇ ಕಾಗದ ಓದುವುದು.

ಆ ಕಾಗದದ ದಿನ ವ್ಯಾಪಾರಿ ತಮ್ಮ ಅಜ್ಜನ ಪೆಟ್ಟಿಗೆಯಿಂದ ಒಂದು ಮೂಲಗೇಣಿ ಚೀಟು, ಅಂದರೆ ಕಾಯಂ ಗೇಣಿಯ ಪತ್ರ, ತಂದಿದ್ದರು. ಮದ್ರಾಸು ಸರಕಾರದ ಛಾಪಾ ಕಾಗದ, ಮಡಿಕೆಗಳಲ್ಲಿ ಹರಿದಿದೆ, ಒಳಗೆಲ್ಲ ಕನ್ನಡ ಮೋಡಿಬರಹ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ತನಕ ಇಲ್ಲಿನ ಕಚೇರಿ ವ್ಯವಹಾರ ಕನ್ನಡದ್ದು; ಈಗ ಅವರ ಮನೆಯಲ್ಲಿ ಅದನ್ನು ಓದುವವರೇ ಇಲ್ಲ. ವಕೀಲರು ಭೂತಕನ್ನಡಿ ಹಿಡಿದು ಒಂದೊಂದೇ ಗೆರೆ ಬಿಡಿಸಿದರು: ಇಷ್ಟು ಮುಡಿ ಅಕ್ಕಿ ಗೇಣಿ, ಇಂಥ ದಿಕ್ಕಿಗೆ ತೋಡು (ಸಣ್ಣ ಹಳ್ಳ), ಇಂಥ ದಿಕ್ಕಿಗೆ ಮಸೀದಿ ಗದ್ದೆ. ವ್ಯಾಪಾರಿ ಎದ್ದು ನಿಂತು, "ಆ ತೋಡು ಈಗಲೂ ಉಂಟು, ಅದರ ಮೇಲೆ ನನ್ನ ತಮ್ಮ ಗ್ಯಾರೇಜು ಕಟ್ಟಿದ್ದಾನೆ" ಎಂದರು. ಅಲ್ಲಿಂದ ಅರ್ಧ ಗಂಟೆ ತೋಡುಗಳದೇ ಚರ್ಚೆ.

ಇನ್ನು ನೀರಿನ ಸುರಂಗದ ದಿನ. ಬಾಯಾರು ಕಡೆಯ ಒಂದು ತೋಟ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ, ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟೇ ಅಗಲದ ದಾರಿ. ಗೋಡೆಯ ಮೇಲೆ ಪಿಕಾಸಿಯ ಏಟುಗಳು ಒಂದರ ಪಕ್ಕ ಒಂದು ಹಾಗೇ ಕೂತಿವೆ. ಭಾಷಣಕಾರರು ಆ ಸುರಂಗವನ್ನು ತೋಡಿದವರೇ. ಬೈರಾಸು ಹೆಗಲಿಗೆ ಹಾಕಿಕೊಂಡು ಬಂದ ಮುದುಕರು. ಮೇಣದಬತ್ತಿ ಹಚ್ಚಿ ಒಳಗೆ ಕರೆದುಕೊಂಡು ಹೋದರು. ಬತ್ತಿ ಮಂಕಾದರೆ ಅಲ್ಲಿಗೆ ಸಾಕು, ಮುಂದೆ ಉಸಿರಿಲ್ಲ ಎಂದರ್ಥವಂತೆ. ಉದ್ದದ ಸುರಂಗವಾದರೆ ಗಾಳಿಗೆ ಮೇಲಿನಿಂದ ಕಂಡಿ ಇಳಿಸಬೇಕು. ಒಳಹೋಗುತ್ತ ನೆಲ ಚೂರು ಚೂರೇ ಏರಿಸಿಕೊಂಡು ಹೋದರೆ ನೀರು ತಾನಾಗಿ ಹೊರಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಯಾವ ಕಾಲದಿಂದ ಸುರಂಗ ತೋಡುತ್ತಾರೆ ಎಂದು ಯಾರೋ ಕೇಳಿದರು. "ನನ್ನ ಮಾವನ ಕಾಲ ನನಗೆ ಗೊತ್ತು. ಅದಕ್ಕಿಂತ ಹಿಂದಿನದ್ದು ನೀವಲ್ಲವಾ ಹೇಳಬೇಕಾದ್ದು?" ಎಂದರು. ನನ್ನ ಕತ್ತಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಬಂದು ಕಟ್ಟನ್ ಚಾಯ, ಪಳಂಪೊರಿ. ಸಭೆ ಮುಗಿಯಿತು. ಶಾಲಿಲ್ಲ, ಹಾರವಿಲ್ಲ.

ಈಗ ನಮ್ಮ ಕಡೆಯದನ್ನು ಹೇಳದೆ ಇರಲಾರೆ. ರಜೆಗೆ ಹೋದಾಗ ಶಾಸನಗಳ ಕುರಿತ ವಿಚಾರ ಸಂಕಿರಣವೊಂದಕ್ಕೆ ಹೋಗಿದ್ದೆ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಎಂದಿತ್ತು, ಜನಪ್ರತಿನಿಧಿಗಳು ಬಂದಾಗ ಹನ್ನೆರಡು. ನಾಡಗೀತೆ, ದೀಪ, ಸ್ವಾಗತ, ಪ್ರಾಸ್ತಾವಿಕ. ಗೌರವ ಉಪಸ್ಥಿತಿ, ಘನ ಉಪಸ್ಥಿತಿ, ವಿಶೇಷ ಉಪಸ್ಥಿತಿ. ವೇದಿಕೆಯ ಮೇಲೆ ಕುರ್ಚಿ ಸಾಲದೆ ಸಭಿಕರ ಕುರ್ಚಿ ಎತ್ತಿಕೊಂಡು ಹೋದರು. ನಾನು ಕೂತದ್ದನ್ನೂ ಕೇಳಿದರು. ಒಬ್ಬೊಬ್ಬರಿಗೂ ಪೇಟ, ಶಾಲು, ಹಣ್ಣಿನ ಬುಟ್ಟಿ. ಶಾಸನದ ಬಗ್ಗೆ ಮಾತಾಡಲು ಶಿವಮೊಗ್ಗದಿಂದ ಬಂದಿದ್ದ ವಿದ್ವಾಂಸರು ಮೈಕ್ ಹಿಡಿಯುವಷ್ಟರಲ್ಲಿ ಕೈಗೊಂದು ಚೀಟಿ ಬಂತು: ಐದು ನಿಮಿಷದಲ್ಲಿ ಮುಗಿಸಿ. ಅವರು ಹೇಳಬೇಕಿದ್ದ ಶಾಸನ ಆ ಸಭಾಂಗಣದ ಹಿಂದಿನ ಗುಡಿಯ ಪಕ್ಕದಲ್ಲೇ ಇತ್ತು. ಊಟದ ಹೊತ್ತಿಗೆ ಅದಕ್ಕೆ ಒರಗಿಕೊಂಡು ಕೈ ತೊಳೆದವರನ್ನು ಕಂಡೆ.

ಒಂದು ಕಲ್ಲನ್ನು ಹತ್ತಿರ ಹೋಗಿ ನೋಡುವುದಕ್ಕೆ ಮಂತ್ರಿ ಯಾಕೆ ಬೇಕು? ನಮ್ಮಲ್ಲಿ ಇತಿಹಾಸವೆಂಬುದು ಬದುಕಿರುವವರಿಗೆ ಸನ್ಮಾನ ಮಾಡಲು ಸಿಕ್ಕುವ ನೆಪ. ನವೆಂಬರ್ 1 ಅಂದರೆ ಅಲ್ಲಿ ಬಾವುಟ, ಆರ್ಕೆಸ್ಟ್ರಾ. ಇಲ್ಲಿನ ಕನ್ನಡಿಗರಲ್ಲಿ ಅದು ಕರಾಳ ದಿನವೆಂದು ನೊಂದುಕೊಳ್ಳುವವರಿದ್ದಾರೆ. ಅಂದೇ ಕೇರಳಪಿರವಿ, ಕೇರಳ ಹುಟ್ಟಿದ ದಿನವೆಂದು ಸಂಭ್ರಮಿಸುವವರೂ ಇದ್ದಾರೆ. ಅವರೆಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಲಿ ಎಂದ ಗಡಿ ವಿವಾದದ 1967ರ ಮಹಾಜನ ವರದಿಯನ್ನು ಈ ಕೂಟ ಓದಿಸಿತು. ಜಗಳ ಆಯಿತು. ಆದರೂ ಓದಿ ಮುಗಿಸಿದರು.

ಇಷ್ಟು ಬೈದ ಮೇಲೆ ಒಂದೆರಡು ಒಪ್ಪಿಕೊಳ್ಳಬೇಕು. ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ ಸಾಹೇಬರು 1902 ಮತ್ತು 1904ರಲ್ಲೇ ಎರಡು ಸಂಪುಟ ಮಾಡಿಟ್ಟುಹೋದರು. ಇಲ್ಲಿನವರಿಗೆ ಆ ಭಾಗ್ಯವಿಲ್ಲ, ತಾವೇ ಹುಡುಕಬೇಕು. ಕೆಳದಿಯಲ್ಲಿ ಗುಂಡಾ ಜೋಯಿಸರು ಓಲೆಗರಿ, ಕಾಗದಪತ್ರ ಕೂಡಿಹಾಕಿ ಮ್ಯೂಸಿಯಂ ಕಟ್ಟಿದ್ದು ಶಾಲಿಗಾಗಿ ಅಲ್ಲ. ಮಾಷ್ಟ್ರಿಗೆ ಬುರುಜಿನ ಮೇಲೆ ನಾನು ಕೊಟ್ಟ ಉತ್ತರವೂ ಅದೇ ಹೆಸರು. ಇಲ್ಲಿಯೂ ಪಂಚಾಯತಿನವರನ್ನು ಕರೆದ ದಿನ 'ಆಶಂಸೆ' ಎಂಬ ಹೆಸರಿನಲ್ಲಿ ಸಾಲಾಗಿ ಭಾಷಣ ಹೊಡೆಯುತ್ತಾರೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅದಕ್ಕಿಂತ ದೊಡ್ಡದು ಜನ. ಊರಿನ ಆ ದರಿದ್ರ ಸಂಕಿರಣಕ್ಕೆ ಸಭಾಂಗಣ ತುಂಬಿತ್ತು. ಭಜನಾ ಮಂಡಳಿಯ ಹೆಂಗಸರು, ಮಕ್ಕಳನ್ನು ಎತ್ತಿಕೊಂಡು ಬಂದವರು, ಬಾಳೆಲೆ ಊಟ, ಅಪ್ಪೆಹುಳಿ, ಪಂಕ್ತಿಯಲ್ಲಿ ಕೂತು ಯಾರ ಮನೆ ಯಾವ ನಾಯಕನ ಕಾಲದ್ದು ಎಂಬ ಪಟ್ಟಾಂಗ. ನಿಜವಾದ ಇತಿಹಾಸ ಆ ದಿನ ಎಲ್ಲಾದರೂ ಬಾಯಿಬಿಟ್ಟಿದ್ದರೆ ಅಲ್ಲೇ. ಇಲ್ಲಿ ಪ್ರತಿ ತಿಂಗಳೂ ಅವೇ ಮುಖಗಳು. ಆ ಇಬ್ಬರು ಹುಡುಗಿಯರ ಪರೀಕ್ಷೆ ಬಂದರೆ ನಮ್ಮ ಸರಾಸರಿ ವಯಸ್ಸು ಅರುವತ್ತು ದಾಟುತ್ತದೆ.

ಅದಕ್ಕೇ ವರ್ಷದ ಕೊನೆಯ ಸಭೆಯಲ್ಲಿ ಹೇಳಿದೆ, ಬರುವ ವರ್ಷ ಒಂದು ಕಾರ್ಯಕ್ರಮಕ್ಕಾದರೂ ಊಟ ಹಾಕೋಣ, ಮನೆಯವರನ್ನೂ ಕರೆಯೋಣ ಅಂತ. "ಊಟ ಹಾಕಿದರೆ ಊಟಕ್ಕೇ ಬರ್ತಾರೆ" ಎಂದರು ಕಾರ್ಯದರ್ಶಿ. ಬರಲಿ ಬಿಡಿ ಎಂದೆ. ತುಂಬ ಹೊತ್ತು ಚರ್ಚೆಯಾಗಿ, "ಒಮ್ಮೆ ನೋಡುವ, ಅಡಿಗೆಯವರನ್ನು ನೀವೇ ಗೊತ್ತು ಮಾಡಿ, ಮೂವತ್ತು ಎಲೆ ಸಾಕು" ಎಂದರು. ಬದಿಯಡ್ಕದ ಅಡಿಗೆ ಭಟ್ಟರಿಗೆ ಫೋನ್ ಮಾಡಿ ಅರುವತ್ತು ಎಲೆಗೆ ಹೇಳಿಟ್ಟಿದ್ದೇನೆ. ಕಾರ್ಯದರ್ಶಿಗಳಿಗೆ ಇನ್ನೂ ತಿಳಿಸಿಲ್ಲ.