ಗೋಲಗುಮ್ಮಟದ ಧ್ವನಿ ಬಿಡಿಸಲಾಗದ ರಹಸ್ಯವಲ್ಲ: ಒಂದು ಸ್ಪಷ್ಟನೆ

ವಿಜಯಪುರದ ಗೋಲಗುಮ್ಮಟದ ಧ್ವನಿ ವಿಜ್ಞಾನಿಗಳಿಗೂ ಇಂದಿಗೂ ಒಗಟಾಗಿದೆ, ಅದು ಲೆಕ್ಕವಿಲ್ಲದೆ ಕೇವಲ ಕೈಚಳಕದಿಂದ ಮೂಡಿದ ಪವಾಡ ಎಂಬ ಬರಹ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಗುಮ್ಮಟದ ಬುಡದಲ್ಲಿರುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಧ್ವನಿಯು ಬಾಗಿದ ಗೋಡೆಯ ಒಳಮೈಗೆ ಅಂಟಿಕೊಂಡಂತೆ ಸಾಗಿ, ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಗ್ಯಾಲರಿಯನ್ನು ಕುರಿತು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಈ ವಿವರಣೆ ನೀಡಿದ್ದರು, ಮುಂದೆ ಸಿ.ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲಿ ಇಂಥ ಗ್ಯಾಲರಿಗಳನ್ನು ಅಭ್ಯಸಿಸಿದಾಗ ನಮ್ಮ ಗೋಲಗುಮ್ಮಟವನ್ನೂ ಪರಿಗಣಿಸಿದ್ದರು. ಚಪ್ಪಾಳೆಯ ಪ್ರತಿಧ್ವನಿಯ ಕಥೆ ಬೇರೆ: ಸುಮಾರು 38 ಮೀಟರ್ ಒಳವ್ಯಾಸವನ್ನು ದಾಟಿ ಹಿಂತಿರುಗಲು ಧ್ವನಿಗೆ ಕಾಲು ಸೆಕೆಂಡಿಗಿಂತ ತುಸು ಕಡಿಮೆ ಸಮಯ ಸಾಕು, ಹೀಗೆ ಮತ್ತೆ ಮತ್ತೆ ಮರಳುವುದರಿಂದ ಅದು ಹಲವು ಸಲ ಕೇಳಿಸುತ್ತದೆ.

ಕೈಚಳಕ ಮಾತ್ರ ಎಂಬ ಮಾತು ನನಗೆ ಹೆಚ್ಚು ನೋವು ತರುತ್ತದೆ, ಏಕೆಂದರೆ ಅದು ಹೊಗಳಿಕೆಯ ವೇಷದಲ್ಲಿ ಶಿಲ್ಪಿಗಳ ಜ್ಞಾನವನ್ನೇ ಅಲ್ಲಗಳೆಯುತ್ತದೆ. ಇಲ್ಲಿನ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯಲ್ಲಿ ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಮೇರೆಯಲ್ಲಿ ಎಂಟು ಕಮಾನುಗಳು ಪರಸ್ಪರ ಹಾಯ್ದು, ಚೌಕದ ಕೋಣೆಯನ್ನು ಮೇಲ್ಗಡೆ ವೃತ್ತಕ್ಕೆ ತರುತ್ತವೆ. ಒಳಕ್ಕೆ ಚಾಚಿದ ಅವುಗಳ ಭಾರವು ಗುಮ್ಮಟವು ಗೋಡೆಗಳನ್ನು ಹೊರಕ್ಕೆ ನೂಕುವ ಬಲವನ್ನು ತಡೆಯುತ್ತದೆ. 17ನೆಯ ಶತಮಾನದ ಆ ಕುಶಲಕರ್ಮಿಗಳಿಗೆ ಜ್ಯಾಮಿತಿಯೂ ಸೌಂದರ್ಯವೂ ಒಂದೇ ಕೆಲಸವಾಗಿದ್ದವು. ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕಲಿಸುವ ಪದ್ಧತಿ ಆಮೇಲಿನದು. ಆದ್ದರಿಂದ ಮಕ್ಕಳಿಗೆ ಗೋಲಗುಮ್ಮಟ ತೋರಿಸುವವರು ದಯವಿಟ್ಟು ಆ ಕಮಾನುಗಳನ್ನೂ ಬೊಟ್ಟುಮಾಡಿ ವಿವರಿಸಬೇಕು.