ನಾಯಿ ಸ್ಟಿಕ್ಕರ್ ಅಂಟಿಸಿದರೆ ಎಚ್‌ಎಂವಿ ಆಗಲ್ಲ ಸ್ವಾಮಿ

ಈಗಷ್ಟೇ ಒಂದು ವಿಡಿಯೋ ನೋಡಿ ತಲೆ ಕೆಟ್ಟು ಕೂತಿದ್ದೇನೆ. ಹಳೇ ಸೂಟ್‌ಕೇಸ್ ಗ್ರಾಮಫೋನ್ ಒಂದನ್ನು 'ಹೊಸದು' ಮಾಡುವ ವಿಡಿಯೋ. ಮುಚ್ಚಳದ ಒಳಗೆ ಮಾಸಿದ ಮುದ್ರೆಯೊಂದಿತ್ತು. ಅರ್ಧ ಅಕ್ಷರ ಕಾಣ್ತಿತ್ತು ಕಣ್ರೀ! ಆ ಪುಣ್ಯಾತ್ಮ ಉಪ್ಪು ಕಾಗದ ಹಾಕಿ ಉಜ್ಜಿಯೇ ಬಿಟ್ಟ. ಆಮೇಲೆ ಅದೇ ಜಾಗಕ್ಕೆ ಹೊಳೆಯುವ ನಾಯಿ ಸ್ಟಿಕ್ಕರ್, ಅದೇ ಎಚ್‌ಎಂವಿ ಗ್ರಾಮಫೋನ್ ಕಂಪನಿಯ ಗುರುತಿನ ನಾಯಿ. ಕೆಳಗೆ ಜನರ ಚಪ್ಪಾಳೆಯೋ ಚಪ್ಪಾಳೆ.

ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಹೆಸರಿಲ್ಲದ ಇಂಥ ಪೋರ್ಟಬಲ್ ಗ್ರಾಮಫೋನ್ ಸಿಕ್ಕರೆ ಪ್ಲೇಟು ಹಾಕುವ ಮೊದಲು ಸ್ಕ್ರೂ ಬಿಚ್ಚುವ ಜಾತಿ ನಂದು. ಮೇಲೆ ಕಾಣುವ ಹೆಸರನ್ನು ನಂಬುವ ಹಾಗೇ ಇಲ್ಲ. 1920ರ ದಶಕದಲ್ಲಿ ಎಷ್ಟೋ ಕಂಪನಿಗಳು ಭಾಗಗಳನ್ನು ಕೊಂಡು ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದವು, ಅಷ್ಟೇ. ಕೀಲಿ ಕೊಟ್ಟು ಓಡಿಸುವ ಸ್ಪ್ರಿಂಗ್ ಮೋಟಾರು ಸ್ವಿಟ್ಜರ್ಲೆಂಡಿನ ಥೋರೆನ್ಸ್, ಪೈಯಾರ್‌ನದು, ಇಲ್ಲವೇ ಇಂಗ್ಲೆಂಡಿನ ಗ್ಯಾರಾರ್ಡ್, ಕೊಲಾರೊದ್ದು. ಮುಳ್ಳು ಹಿಡಿದು ದನಿ ಹೊರಡಿಸುವ ದುಂಡು ಭಾಗ, ಅಂದರೆ ಸೌಂಡ್‌ಬಾಕ್ಸ್, ಮತ್ತೊಬ್ಬರದು. ಮೇಲಿನ ಹೆಸರು ಮಾರಿದ ಅಂಗಡಿಯದ್ದೂ ಆಗಿರಬಹುದು. ಸೌಂಡ್‌ಬಾಕ್ಸ್ ಅಂತೂ ಸುಲಭವಾಗಿ ಕಳಚಿ ಬರುತ್ತದೆ, ಯಾರು ಯಾವಾಗ ಬದಲಿಸಿದರೋ! ಅದರ ಮೇಲಿನ ಹೆಸರು ಓದಿ 'ಅಪರೂಪದ ಥೋರೆನ್ಸ್' ಅಂತ ಮಾರುವವರಿಗೆ ಏನು ಹೇಳೋಣ.

ಸಾಕ್ಷಿ ಇರೋದು ಕೆಳಗೆ. ಸ್ಪ್ರಿಂಗ್ ಪೂರ್ತಿ ಇಳಿದ ಮೇಲೆ ಮೋಟಾರ್ ಬೋರ್ಡ್, ಅಂದರೆ ಅಡಿಯಲ್ಲಿ ಮೋಟಾರು ಕೂರಿಸಿದ ಹಲಗೆ, ಎತ್ತಿ ನೋಡಿ. ಗಟ್ಟಿಯಾದ ಕಪ್ಪು ಗ್ರೀಸ್ ಒರೆಸಿದರೆ ಕೆಲವೊಮ್ಮೆ ಪೇಟೆಂಟ್ ನಂಬರ್ ಸಿಗುತ್ತದೆ. ಡಿ.ಆರ್.ಜಿ.ಎಂ. ಅಂತಿದ್ದರೆ ಆ ಭಾಗದ ವಿನ್ಯಾಸ ಜರ್ಮನಿಯಲ್ಲಿ ನೋಂದಣಿಯಾಗಿದೆ. ಖಾಲಿ ಸ್ಕ್ರೂ ತೂತು ಕಂಡರೆ ಅಲ್ಲಿ ಮೊದಲು ಬೇರೇನೋ ಇದ್ದಿರಬಹುದು. ದನಿಯ ದಾರಿಯೂ ಸುಳಿವು ಕೊಡುತ್ತದೆ. 1914ರ ಡೆಕ್ಕಾ ಪೋರ್ಟಬಲ್‌ನಲ್ಲಿ ಮುಚ್ಚಳದೊಳಗಿನ ಬೋಗುಣಿಯಂಥ ತಗಡು ದನಿಯನ್ನು ಹೊರಗೆ ತಳ್ಳುತ್ತಿತ್ತು. 1931ರಲ್ಲಿ ಬಂದ ಎಚ್‌ಎಂವಿ 102 ಮಾದರಿಯಲ್ಲಿ ದನಿ ಹೊರಬರುವ ಹಾರ್ನ್ ಪೆಟ್ಟಿಗೆಯ ಒಳಗೇ ಅಡಗಿದೆ. ಆ ವಿಡಿಯೋದ ಬಡಪಾಯಿ ಯಂತ್ರ ಎರಡೂ ಅಲ್ಲ. ಇನ್ನು ಅದು ಯಾರದ್ದು ಅಂತ ಹೇಳೋಕೆ ಮುದ್ರೆಯೇ ಇಲ್ಲ.

'ಹಾಡಿದರೆ ಸಾಕಲ್ವಾ, ಮಾಡಿದವರು ಯಾರಾದ್ರೇನು?' ಅಂತೀರಿ. ಸರಿ. ಹಾಗಾದರೆ ಆ ನಾಯಿ ಯಾಕೆ ಬೇಕಿತ್ತು? ಹೆಸರು ಮುಖ್ಯವಲ್ಲ ಅನ್ನೋರೇ ಸುಳ್ಳು ಹೆಸರಿಗೆ ಜಾಸ್ತಿ ದುಡ್ಡು ಕೇಳ್ತಾರೆ. ಸುಮ್ನೆ ಹಾಡು ಕೇಳೋಕೆ ಫೋನ್ ಸಾಕು, ಪ್ರತಿ ಪ್ಲೇಟಿಗೂ ಮುಳ್ಳು ಬದಲಿಸುವ ಕರ್ಮ ಯಾರಿಗೆ?

ನಾನೇನೂ ದೊಡ್ಡ ಸಂಗೀತಪ್ರೇಮಿ ಅಲ್ಲ ಬಿಡಿ. ಮಾಡಿದವರ ಹೆಸರು ಸಿಕ್ಕ ಮರುದಿನವೇ ಆ ಯಂತ್ರದ ಮೇಲಿನ ನನ್ನ ಪ್ರೀತಿ ಅರ್ಧ ಇಳಿದುಹೋಗುತ್ತದೆ. ಹುಡುಕೋದೇ ನನ್ನ ಚಟ. ಅದನ್ನೂ ಉಜ್ಜಿ ಹಾಕಿದರೆ ಹೇಗೆ?

ನಿಮ್ಮ ಅಟ್ಟದಲ್ಲಿ ಇಂಥದ್ದೊಂದಿದ್ದರೆ ದಯವಿಟ್ಟು ಏನನ್ನೂ ಉಜ್ಜಬೇಡಿ. ಬೋರ್ಡಿನ ಅಡಿಭಾಗದ ಫೋಟೋ ಕಳಿಸಿ. ಪಾಲಿಶ್ ಮಾಡಿದ ಮುಚ್ಚಳದ ಫೋಟೋ ಕಳಿಸಿದರೆ ತೆರೆದೂ ನೋಡಲ್ಲ.