ರಹೀಂ ಸಾಹೇಬರ ಕಾಯಿಲೆ ಗೊತ್ತು, ಕೆಲಸ ಗೊತ್ತಾ?

ಭಾರತ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ಸೈಯದ್ ಅಬ್ದುಲ್ ರಹೀಂ ಅವರ ವಿಷಯ ಬಂದಾಗಲೆಲ್ಲ ಮಾತು ಕ್ಯಾನ್ಸರ್‌ನಿಂದಲೇ ಶುರುವಾಗುತ್ತದೆ. ಕಾಯಿಲೆಯಲ್ಲೇ 1962ರಲ್ಲಿ ಜಕಾರ್ತಾಕ್ಕೆ ಹೋಗಿ ಏಷ್ಯನ್ ಗೇಮ್ಸ್ ಚಿನ್ನ ಗೆಲ್ಲಿಸಿದರು, ಮುಂದಿನ ಜೂನ್‌ನಲ್ಲಿ ತೀರಿಕೊಂಡರು. ನಿಜ, ಕರುಳು ಚುರ್ ಅನ್ನುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಮನುಷ್ಯನ ತಲೆ ಹೇಗೆ ಓಡುತ್ತಿತ್ತು ಅನ್ನೋದು ಯಾರಿಗೂ ಗೊತ್ತಾಗುವುದಿಲ್ಲ.

ಅವರು ಮೂಲತಃ ಮೇಷ್ಟ್ರು. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿದವರು. ಆ ತಂಡ 1950ರಿಂದ 54ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಗೆದ್ದಿತು. ಹುಡುಗರಿಗೆ ದುರ್ಬಲ ಕಾಲಿನಲ್ಲೇ (ಅಂದರೆ ಒದೆಯೋಕೆ ಅಷ್ಟು ರೂಢಿಯಿಲ್ಲದ ಕಾಲಿನಲ್ಲಿ) ಆಡಬೇಕಾದ ಟೂರ್ನಿ, ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಒಬ್ಬರೇ ತಳ್ಳಿಕೊಂಡು ಓಡುವುದು, ಮಾಡಲೇಬಾರದ ಟೂರ್ನಿ ನಡೆಸುತ್ತಿದ್ದರು. ಎಷ್ಟು ಸರಳ ಉಪಾಯ ನೋಡಿ! ಚೆಂಡು ಹಿಡಿದುಕೊಂಡು ಮೆರೆಯೋಕೆ ಆಗಲ್ಲ ಅಂದಮೇಲೆ ಪಾಸ್ ಮಾಡಲೇಬೇಕಲ್ವಾ?

ಅವರೇ ಕೋಚ್ ಆಗಿದ್ದ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತೆವು. ನಮ್ಮಲ್ಲಿ ಹಲವರು ಬರಿಗಾಲಲ್ಲೇ ಆಡಿದ್ದರು. ನಾಲ್ಕೇ ವರ್ಷಕ್ಕೆ ಮೆಲ್ಬರ್ನ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋದೆವು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಜಕಾರ್ತಾ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಆಮೇಲೆ ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಬೇಕಾಯಿತು. ಬೇರೆ ಕೋಚ್ ಆಗಿದ್ದರೆ ಬೆಂಚಿನಲ್ಲಿ ಕೂರಿಸುತ್ತಿದ್ದರೇನೋ. ರಹೀಂ ಮಾತ್ರ ಜರ್ನೈಲ್ ಅವರನ್ನು ಸೆಂಟರ್ ಫಾರ್ವರ್ಡ್, ಅಂದರೆ ಗೋಲು ಹೊಡೆಯುವ ಆಟಗಾರ, ಮಾಡಿ ಮುಂದೆ ಕಳಿಸಿದರು! ಸೆಮಿಫೈನಲ್‌ನಲ್ಲಿ ಗೋಲು. ಫೈನಲ್‌ನಲ್ಲಿ ಅದೇ ಕೊರಿಯಾ, ನಮ್ಮ ಮೇಲೆ ಸಿಟ್ಟಾಗಿದ್ದ ಸ್ಟೇಡಿಯಂ ತುಂಬಾ ಜನ. ಗೋಲ್‌ಕೀಪರ್ ತಂಗರಾಜ್ ಜ್ವರದಿಂದ ಎದ್ದು ಬಂದಿದ್ದರು. ಮೊದಲು ಪಿ.ಕೆ. ಬ್ಯಾನರ್ಜಿ ಗೋಲು, ಬೆನ್ನಿಗೇ ಜರ್ನೈಲ್ ಗೋಲು. 2-1, ಚಿನ್ನ ನಮ್ಮದು.

ಇದನ್ನು ಸುಮ್ನೆ ಧೈರ್ಯದ ಕಥೆ ಅನ್ನಬೇಡಿ. ಗಾಳಿಯಲ್ಲಿ ಬರುವ ಚೆಂಡಿಗೆ ಜರ್ನೈಲ್ ಎಷ್ಟು ಗಟ್ಟಿ, ಎದುರಾಳಿ ಡಿಫೆನ್ಸ್‌ಗೆ ಅವರು ಎಂಥ ತಲೆನೋವು ಅನ್ನುವುದು ಕೋಚ್‌ಗೆ ಗೊತ್ತಿತ್ತು. ಇದ್ದ ಆಟಗಾರರನ್ನೇ ಹೊಸದಾಗಿ ನೋಡುವ ಕಣ್ಣು ಅದು.

ಆಮೇಲೆ ಏಷ್ಯನ್ ಗೇಮ್ಸ್ ಚಿನ್ನ ನಮಗೆ ಸಿಕ್ಕೇ ಇಲ್ಲ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ 1960ರ ನಂತರ ಭಾರತ ಆಡಿಯೇ ಇಲ್ಲ. ನಮ್ಮ ಕೋಚಿಂಗ್ ಕೋರ್ಸ್‌ಗಳಲ್ಲಿ ಬೇರೆ ದೇಶದ ತಂತ್ರಗಳನ್ನು ಕಲಿಸಲಿ, ಬೇಡ ಅನ್ನಲ್ಲ. ಜೊತೆಗೆ ಜಕಾರ್ತಾದ ಆ ಪಂದ್ಯಗಳನ್ನೂ ಪಾಠವಾಗಿ ಇಡಿ. ದುರ್ಬಲ ಕಾಲಿನ ಟೂರ್ನಿಯಂತೂ ಯಾವ ಶಾಲೆ ಬೇಕಾದರೂ ನಾಳೆಯಿಂದಲೇ ನಡೆಸಬಹುದು, ಒಂದು ಚೆಂಡು ಇದ್ದರೆ ಸಾಕು.